ಅಕ್ಕನ ತಲೆ ಯಾರು ಬಾಚುತ್ತಾರೆ?

ಬೆಂಗಳೂರು ವಿಜಯನಗರದ ಓದುಗರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದು ಕೇಳಿಕೊಂಡಿದ್ದಾರೆ. ಪತ್ರದ ಮುಖ್ಯ ಭಾಗ ಇದು:

"ನಾವು ಮೂವರು ಮಕ್ಕಳು, ನಾನೇ ದೊಡ್ಡವಳು. ಹೋದ ಭಾನುವಾರ ಮಕ್ಕಳ ಜೊತೆ ಕೂತು ‘ಎನ್‌ಕ್ಯಾಂಟೋ’ ಕಾರ್ಟೂನ್ ಸಿನಿಮಾ ನೋಡಿದೆ. ಅದರಲ್ಲಿ ಮನೆಯ ಭಾರವನ್ನೆಲ್ಲ ಹೊರುವ ಹುಡುಗಿ ಲೂಯಿಸಾ ಹಾಡುವಾಗ ಅಳು ತಡೆಯಲಾಗಲಿಲ್ಲ. ಪಕ್ಕದಲ್ಲಿದ್ದ ತಂಗಿ, ‘ಅಕ್ಕಾ, ಇದು ಥೇಟ್ ನೀನೇ ಕಣೇ’ ಎಂದು ನಕ್ಕಳು. ಸಿನಿಮಾ ಮುಗಿದ ಮೇಲೆ ಅವಳೇ, ‘ಮುಂದಿನ ತಿಂಗಳು ಅಮ್ಮನ ಕಣ್ಣಿನ ಪೊರೆ ಆಪರೇಷನ್‌ಗೆ ನೀನು ರಜೆ ಹಾಕ್ತೀಯಲ್ಲ’ ಎಂದಳು. ಕೇಳಿದ್ದಲ್ಲ, ಹೇಳಿದ್ದು. ಅದಕ್ಕಿಂತ ಜಾಸ್ತಿ ಕಾಡಿದ್ದು ಇನ್ನೊಂದು. ನನ್ನ ಮಗಳಿಗೆ 9 ವರ್ಷ. ಊಟ ಆದಮೇಲೆ ತಮ್ಮನ ತಟ್ಟೆ ಎತ್ತಿಕೊಂಡು ‘ನಾನು ಸ್ಟ್ರಾಂಗ್, ನಾನೇ ತೊಳೀತೀನಿ’ ಎಂದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ನನ್ನ ಎದೆ ಧಸಕ್ಕೆಂದಿತು. ಇಂಥ ಗಟ್ಟಿ ಹೆಣ್ಣುಮಕ್ಕಳ ಸಿನಿಮಾ ತೋರಿಸಿ ಅವಳನ್ನೂ ನನ್ನ ಹಾಗೇ ಮಾಡ್ತಾ ಇದ್ದೀನಾ? ಅಂದಹಾಗೆ, ಲೂಯಿಸಾ ದೊಡ್ಡ ಮಗಳೇ ಅಲ್ಲ. ಆದರೂ ಹಿರಿಮಗಳು ಅಂದ ತಕ್ಷಣ ಎಲ್ಲರೂ ಅವಳನ್ನೇ ಯಾಕೆ ತೋರಿಸ್ತಾರೆ?"

ಸಂಪಾದಕರ ಉತ್ತರ:

ನಿಮ್ಮ ಪತ್ರ ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ನಾನು ಅಕ್ಕನ ದುಡಿಮೆಯಲ್ಲಿ ಓದಿದ ತಮ್ಮ. ಈ ಉತ್ತರವನ್ನು ಅಂಥ ಒಬ್ಬ ತಮ್ಮನ ಮಾತು ಎಂದೇ ಓದಿಕೊಳ್ಳಿ.

ಮೊದಲು ಕೊನೆಯ ಪ್ರಶ್ನೆ. ನೀವು ಹೇಳಿದ್ದು ಸರಿ. ಆ ಮನೆಯ ದೊಡ್ಡ ಮಗಳು ಇಸಬೆಲಾ. ಲೂಯಿಸಾ ನಡುವಿನವಳು, ಮಿರಾಬೆಲ್ ಕೊನೆಯವಳು. ಆದರೆ ಲೂಯಿಸಾಳ ಹಾಡು ಬರೆದ ಲಿನ್-ಮ್ಯಾನ್ಯುಯೆಲ್ ಮಿರಾಂಡಾ ಅದನ್ನು ಬರೆದದ್ದು ತಮ್ಮ ಸ್ವಂತ ಅಕ್ಕನನ್ನು ನೆನೆದು. ಅವರೇ ಇದನ್ನು ಹೇಳಿಕೊಂಡಿದ್ದಾರೆ. ಹಾಗಾಗಿ ಪಾತ್ರ ನಡುವಿನವಳದ್ದು, ದನಿ ಹಿರಿಯಕ್ಕನದು. 2021ರಲ್ಲಿ ಬಂದ, ಕೊಲಂಬಿಯಾದ ಒಂದು ಊರಿನ ಕಥೆ ವಿಜಯನಗರದ ನಿಮ್ಮ ಮನೆಯ ಹಾಲ್‌ಗೆ ಬಂದು ನಿಮ್ಮನ್ನು ಅಳಿಸಿದ್ದು ಅದಕ್ಕೇ ಇರಬೇಕು.

ಇಸಬೆಲಾಳನ್ನೂ ಬಿಡಬೇಡಿ. ಅವಳು ಕೈಯಾಡಿಸಿದಲ್ಲೆಲ್ಲ ಹೂವು ಅರಳುತ್ತದೆ. ಮನೆಗೆ ಒಳ್ಳೆಯದಾಗಲಿ ಎಂದು ಇಷ್ಟವಿಲ್ಲದ ಹುಡುಗನನ್ನು ಮದುವೆಯಾಗಲು ಹೊರಟಿರುತ್ತಾಳೆ. ಒಂದು ದಿನ ಸಿಟ್ಟಿನಲ್ಲಿ ಅವಳ ಕೈಯಿಂದ ಮುಳ್ಳಿನ ಕಳ್ಳಿ ಗಿಡ ಹುಟ್ಟುತ್ತದೆ. ಅದನ್ನು ನೋಡಿ ಅವಳಿಗೆ ಆಗುವ ಖುಷಿ ಇದೆಯಲ್ಲ, ಆ ದೃಶ್ಯ ನನಗೆ ತುಂಬ ಇಷ್ಟ. ‘ದೊಡ್ಡವಳು ನೆಟ್ಟಗಿದ್ರೆ ಚಿಕ್ಕವರೂ ನೆಟ್ಟಗಿರ್ತಾರೆ’ ಎಂದು ಕೇಳುತ್ತಲೇ ಬೆಳೆದವರಿಗೆ ಆ ಖುಷಿ ಗೊತ್ತು. ನಮ್ಮ ಮನೆಗಳಲ್ಲಿ ದೊಡ್ಡ ಮಗಳು ಕೆಲಸವನ್ನೂ ಹೊರಬೇಕು, ಮನೆಯ ಮಾನವನ್ನೂ ಹೊರಬೇಕು. ಸಿನಿಮಾ ಅದನ್ನು ಇಬ್ಬರಿಗೆ ಹಂಚಿದೆ, ಅಷ್ಟೇ.

ಆ ಕಥೆಯಲ್ಲಿ ಇನ್ನೊಂದು ವಿಷಯ ಇದೆ. ಮಕ್ಕಳಿಗೆ ಮಂತ್ರಶಕ್ತಿ ಸಿಗುವುದು 5ನೇ ವಯಸ್ಸಿನಲ್ಲಿ. ಊರೆಲ್ಲ ಸೇರಿ ಹಬ್ಬ ಮಾಡುತ್ತದೆ. ಲೂಯಿಸಾಗೆ ಸಿಕ್ಕಿದ್ದು ಬಲ. ಆಮೇಲೆ ಕತ್ತೆ ಹೊರಬೇಕಾದರೂ ಅವಳೇ, ಸೇತುವೆ ಎತ್ತಬೇಕಾದರೂ ಅವಳೇ. ನಮ್ಮಲ್ಲೂ ಹೆಚ್ಚುಕಡಿಮೆ ಅದೇ ವಯಸ್ಸಿಗೆ ಆಗುತ್ತದೆ. ತಮ್ಮನೋ ತಂಗಿಯೋ ಹುಟ್ಟಿದ ದಿನ ‘ನೀನೀಗ ಅಕ್ಕ ಆದೆ, ಜಾಣೆ ಅಲ್ವಾ, ಪಾಪೂನ ನೋಡ್ಕೋ’ ಎನ್ನುತ್ತೇವೆ. ಪ್ರೀತಿಯಿಂದಲೇ ಹೇಳುತ್ತೇವೆ. ಮಗುವೂ ಹೆಮ್ಮೆಯಿಂದ ಒಪ್ಪಿಕೊಳ್ಳುತ್ತದೆ. ನಿಮ್ಮ ಮನೆಯ ಆ ಚಪ್ಪಾಳೆಗೆ ನಿಮ್ಮ ಎದೆ ಧಸಕ್ಕೆಂದದ್ದು ಸರಿಯಾಗಿಯೇ ಇದೆ. ಹೊಗಳಿಕೆಯ ಜೊತೆಗೇ ಕೆಲಸವೂ ಕೈ ಸೇರುತ್ತದೆ ಎಂದು ನಿಮಗೆ ಅನುಭವದಿಂದ ಗೊತ್ತು.

ಲೂಯಿಸಾಳ ಕಣ್ಣು ಅದುರುವುದನ್ನು ಗಮನಿಸಿದಿರಾ? ಮೊದಲು ಅದನ್ನು ಹಿಡಿಯುವವಳು ಸಣ್ಣ ಸದ್ದೂ ಕೇಳಿಸುವ ಶಕ್ತಿಯಿರುವ ಅವರ ದೊಡ್ಡಮ್ಮ-ಚಿಕ್ಕಮ್ಮನ ಕಡೆಯ ಸೋದರಿ ಡೊಲೊರೆಸ್. ನಮ್ಮ ಕಡೆ ಹೆಂಗಸರ ಕಣ್ಣು ಅದುರಿದರೆ ಎಡಗಣ್ಣೋ ಬಲಗಣ್ಣೋ ಎಂದು ಶಕುನ ಕೇಳುತ್ತೇವೆ. ರಾತ್ರಿ ನಿದ್ದೆ ಮಾಡಿದೆಯಾ ಎಂದು ಕೇಳುವುದಿಲ್ಲ.

ನನ್ನ ಅಕ್ಕನ ಮಾತು ಹೇಳುತ್ತೇನೆ. ಆಗ ನಾವು ಬೆಂಗಳೂರಿನ ಶ್ರೀನಗರದ ಒಂದು ವಠಾರದಲ್ಲಿದ್ದೆವು. ಬೆಳಗಿನ ಜಾವ ನಾಲ್ಕೂವರೆಗೆ ನಲ್ಲಿ ಬರುತ್ತಿತ್ತು. ಅಕ್ಕ ಕೊಡಗಳನ್ನು ಸಾಲಿಗಿಟ್ಟು, ನೀರು ತುಂಬಿ, ಹಾಲು ತಂದು, ನಮಗೆ ಡಬ್ಬಿ ಕಟ್ಟಿ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುತ್ತಿದ್ದಳು. ಅಜ್ಜಿ ಮಾತು ಮಾತಿಗೆ ‘ಅಕ್ಕ ಸತ್ತರೆ ಅಮಾವಾಸ್ಯೆ ನಿಲ್ಲೋದಿಲ್ಲ’ ಎನ್ನುತ್ತಿದ್ದಳು. ಅಮಾವಾಸ್ಯೆ ನಿಲ್ಲದೇ ಇರಬಹುದು. ಅಕ್ಕನಿಗೆ ಎರಡು ದಿನ ಜ್ವರ ಬಂದಾಗ ನಮ್ಮ ಮನೆಯಲ್ಲಿ ನೀರು ನಿಂತಿತು, ಹಾಲು ನಿಂತಿತು, ನನ್ನ ಸ್ಕೂಲ್ ನಿಂತಿತು.

ಅವಳ ಖರ್ಚಿನ ಪುಸ್ತಕ ಈಗ ನನ್ನ ಹತ್ತಿರ ಇದೆ. ಉದ್ದನೆಯ ಕೆಂಪು ರಟ್ಟಿನ ಪುಸ್ತಕ. ಬಾಡಿಗೆ, ರೇಷನ್, ಅಪ್ಪನ ಮಾತ್ರೆ, ನನ್ನ ಫೀಸು. ಪ್ರತಿ ತಿಂಗಳ ಪುಟದ ಕೊನೆಯ ಸಾಲಿನಲ್ಲಿ ‘ಕನ್ನಡಕ’ ಎಂದು ಬರೆದು, ಹೊಡೆದು ಹಾಕಿ, ಮುಂದೆ ‘ಬರೋ ತಿಂಗಳು’ ಎಂದು ಬರೆದಿದ್ದಾಳೆ. ಎಣಿಸಿದೆ. 11 ಪುಟಗಳಲ್ಲಿ ಹಾಗೇ ಇದೆ. ದಿನವಿಡೀ ಹೊಲಿಗೆ ಮೆಷಿನ್ ಮುಂದೆ ಕೂರುವವಳಿಗೆ ಕನ್ನಡಕ ಇರಲಿಲ್ಲ. ನಾವು ಯಾರೂ ಕೇಳಲೂ ಇಲ್ಲ. ‘ನಮ್ಮಕ್ಕ ಭಾರಿ ಗಟ್ಟಿ’ ಎಂದು ಸ್ನೇಹಿತರ ಮುಂದೆ ಹೇಳಿಕೊಳ್ಳುತ್ತಿದ್ದೆ. ಇವತ್ತಿಗೂ ಆ ಮಾತು ನೆನಪಾದರೆ ಸಂಕಟವಾಗುತ್ತದೆ.

1983ರಲ್ಲಿ ‘ಬೆಂಕಿಯಲ್ಲಿ ಅರಳಿದ ಹೂವು’ ಬಂತು. ಸುಹಾಸಿನಿ ಮನೆ ಪೂರ್ತಿ ಹೊರುವ ಹೆಣ್ಣುಮಗಳಾಗಿ ಮಾಡಿದ್ದರು. ನೋಡಿದ ಅಮ್ಮಂದಿರೆಲ್ಲ ಅತ್ತರು, ನನ್ನ ಅಮ್ಮನೂ ಅತ್ತಳು. ಮನೆಗೆ ಬಂದು ಅಕ್ಕನ ತಲೆ ಸವರಿ ‘ನೀನೂ ಹಾಗೇ ಕಣಮ್ಮ’ ಎಂದಳು. ಮರುದಿನ ನಾಲ್ಕೂವರೆಗೆ ಕೊಡ ಹಿಡಿದು ಹೋದವಳು ಮತ್ತೆ ಅಕ್ಕನೇ. ನಿಮ್ಮ ತಂಗಿ ನಕ್ಕು ಆಮೇಲೆ ರಜೆಯ ಮಾತು ತೆಗೆದಳು ಎಂದು ಓದಿದಾಗ ನನಗೆ ನೆನಪಾದದ್ದು ಇದೇ.

ಈಗಿನ ಮಕ್ಕಳ ಸಿನಿಮಾಗಳು ಒಂದು ಹೆಜ್ಜೆ ಮುಂದೆ ಹೋಗಿವೆ ಎಂದು ನನಗೆ ಅನ್ನಿಸುತ್ತದೆ. ‘ಎನ್‌ಕ್ಯಾಂಟೋ’ ಕೊನೆಯಲ್ಲಿ ಬಿದ್ದ ಮನೆಯನ್ನು ಕಟ್ಟಲು ಊರವರೇ ಬರುತ್ತಾರೆ. ಅವರಿಗೆ ಯಾವ ಶಕ್ತಿಯೂ ಇಲ್ಲ, ಜನ ಮಾತ್ರ ಇದ್ದಾರೆ. ಲೂಯಿಸಾಗೆ ಅಲ್ಲಿ ಯಾರೂ ‘ರೆಸ್ಟ್ ತಗೋ’ ಎಂದು ಬರೀ ಬಾಯಿಮಾತು ಹೇಳುವುದಿಲ್ಲ, ಕೈ ಹಾಕುತ್ತಾರೆ. 2013ರ ‘ಫ್ರೋಜನ್’ ಕೂಡ ಅಕ್ಕನ ಕಥೆಯೇ. ನಮ್ಮ ಊರಿನ ಎಷ್ಟೋ ಹುಡುಗಿಯರ ಬರ್ತ್‌ಡೇ ಕೇಕ್ ಮೇಲೆ ಎಲ್ಸಾ ಇರುತ್ತಾಳೆ. ಅವಳ ನೀಲಿ ಫ್ರಾಕ್ ಕಾಣುತ್ತದೆ. ತನ್ನ ಹಿಮದ ಶಕ್ತಿಯಿಂದ ತಂಗಿಗೆ ಏನಾದರೂ ಆದೀತು ಎಂದು ವರ್ಷಗಟ್ಟಲೆ ಬಾಗಿಲು ಹಾಕಿಕೊಂಡು ಕೂತಿದ್ದು ಅಷ್ಟಾಗಿ ಕಾಣುವುದಿಲ್ಲ.

ನಿಮ್ಮ ಮಗಳಿಗೆ ತೋರಿಸಲು ಒಂದೇ ಸಿನಿಮಾ ಹೇಳಿ ಎಂದರೆ, ಜಪಾನಿನ ಹಯಾವೋ ಮಿಯಾಝಾಕಿ 1988ರಲ್ಲಿ ಮಾಡಿದ ‘ಮೈ ನೇಬರ್ ಟೊಟೊರೊ’ ಎನ್ನುತ್ತೇನೆ. ಅದರಲ್ಲಿ ಸತ್ಸುಕಿ ಎಂಬ ಪುಟ್ಟ ಅಕ್ಕ ಇದ್ದಾಳೆ. ತಾಯಿ ಆಸ್ಪತ್ರೆಯಲ್ಲಿ. ಬೆಳಿಗ್ಗೆ ಎದ್ದು ಅಪ್ಪನಿಗೆ, ತಂಗಿಗೆ, ತನಗೆ ಊಟದ ಡಬ್ಬಿ ಕಟ್ಟುವವಳು ಅವಳೇ. ಆಸ್ಪತ್ರೆಗೆ ಹೋದಾಗ ತಾಯಿ ಹಾಸಿಗೆ ಮೇಲೆ ಕೂತೇ ಅವಳ ತಲೆ ಬಾಚುತ್ತಾಳೆ. ಅಷ್ಟು ಹೊತ್ತು ಮಾತ್ರ ಆ ಹುಡುಗಿ ಯಾರ ಅಕ್ಕನೂ ಅಲ್ಲ. ಆಮೇಲೆ ಆಸ್ಪತ್ರೆಯಿಂದ ತಂತಿ ಬಂದಾಗ ಅಕ್ಕಪಕ್ಕದ ಅಜ್ಜಿಯ ಮುಂದೆ ಬಾಯಿಬಿಟ್ಟು ಅತ್ತುಬಿಡುತ್ತಾಳೆ. ಅಜ್ಜಿ ಅವಳನ್ನು ಅಳಲು ಬಿಡುತ್ತಾಳೆ. ‘ನೀನೇ ಅತ್ತರೆ ತಂಗಿಗೆ ಯಾರು’ ಎನ್ನುವುದಿಲ್ಲ.

ಸಿನಿಮಾ ತೋರಿಸುವುದನ್ನು ನಿಲ್ಲಿಸಬೇಡಿ. ಗಟ್ಟಿ ಹುಡುಗಿಯರನ್ನು ನಿಮ್ಮ ಮಗಳು ನೋಡಲಿ, ಎಷ್ಟು ಬೇಕಾದರೂ ನೋಡಲಿ. ತಟ್ಟೆಯ ವಿಷಯಕ್ಕೆ ಮಾತ್ರ ಇವತ್ತೇ ಕೈ ಹಾಕಿ. ತಮ್ಮನ ತಟ್ಟೆಯನ್ನು ತಮ್ಮನೇ ತೊಳೆಯಲಿ. ಸರಿಯಾಗಿ ತೊಳೆಯದಿದ್ದರೆ ಇನ್ನೊಂದು ಸಲ ತೊಳೆಯಲಿ. ಅವನಿಗೂ ಚಪ್ಪಾಳೆ ಬೇಡ. ಸ್ಕೂಲಿಗೆ ಹೊರಡುವ ಮುಂಚೆ ಹತ್ತು ನಿಮಿಷ ಮಗಳನ್ನು ಮುಂದೆ ಕೂರಿಸಿಕೊಂಡು ಎಣ್ಣೆ ಹಚ್ಚಿ ತಲೆ ಬಾಚಿ. 9 ವರ್ಷ ಆಯಿತು, ತಾನೇ ಬಾಚಿಕೊಳ್ಳಲಿ ಎಂದುಕೊಳ್ಳಬೇಡಿ.

ಇನ್ನು ನಿಮ್ಮ ವಿಷಯ. ತಂಗಿ ಮೇಲೆ ಕೋಪ ಬೇಡ. ಅವಳು ಲೂಯಿಸಾಳಲ್ಲಿ ನಿಮ್ಮನ್ನು ಗುರುತಿಸಿದಳು, ನನ್ನಿಂದ ಅದೂ ಆಗಿರಲಿಲ್ಲ. ಆದರೆ ರಜೆ ಹಾಕಬೇಡಿ. ಡಾಕ್ಟರ ಚೀಟಿ, ಅಮ್ಮನ ಶುಗರ್ ರಿಪೋರ್ಟು, ಕಣ್ಣಿಗೆ ಬಿಡುವ ಡ್ರಾಪ್ಸ್ ಎಷ್ಟು ಹೊತ್ತಿಗೊಮ್ಮೆ ಎಂಬ ಲೆಕ್ಕ, ಎಲ್ಲವನ್ನೂ ಈಗಲೇ ಅವಳ ಕೈಗೆ ಕೊಡಿ. ಫೋನಿನಲ್ಲಿ ಹತ್ತು ಸಲ ನೆನಪಿಸುವ ಕೆಲಸವನ್ನೂ ಇಟ್ಟುಕೊಳ್ಳಬೇಡಿ. ಮೊದಲ ಸಲ ಏನೋ ಒಂದು ಮರೆತಾಳು. ನಾನೂ ಮರೆಯುತ್ತಿದ್ದೆ. ಅಕ್ಕನನ್ನು ಕನ್ನಡಕದ ಅಂಗಡಿಗೆ ಕರೆದುಕೊಂಡು ಹೋದದ್ದು ನನಗೆ ಕೆಲಸ ಸಿಕ್ಕ ಎರಡು ವರ್ಷದ ಮೇಲೆ, ಅದೂ ಅವಳು ಸೂಜಿಗೆ ದಾರ ಪೋಣಿಸಲಾಗದೆ ನನ್ನ ಕೈಗೆ ಕೊಟ್ಟ ದಿನ.

ಆಪರೇಷನ್ ದಿನ ಅಮ್ಮನ ಜೊತೆ ಆಟೋ ಹತ್ತಿದವರು ಯಾರು ಎಂದು ಒಂದು ಸಾಲು ಬರೆದು ತಿಳಿಸಿ. ಕಾಯುತ್ತಿರುತ್ತೇನೆ.

— ಸಂ.