ಟೆಮರೇರ್ ಓದುವಾಗ ಕಣ್ಣು ತುಂಬುವುದು ಯಾಕೆ?

ನವೋಮಿ ನೋವಿಕ್ ಅವರ ‘ಟೆಮರೇರ್’ ಸರಣಿಯಲ್ಲಿ ಇರುವುದು ನೆಪೋಲಿಯನ್ ಕಾಲದ ಯುದ್ಧ, ಹಾರುವ ಡ್ರ್ಯಾಗನ್‌ಗಳು, ಇದನ್ನು ಓದಿ ಜನ ಯಾಕೆ ಅಳುತ್ತಾರೆ ಎಂದು ಕೇಳಿದ್ದೀರಿ. 2006ರಿಂದ 2016ರವರೆಗೆ ಬಂದ 9 ಕಾದಂಬರಿಗಳು. ಎಲ್ಲವನ್ನೂ ಓದಿದ್ದೇನೆ, ಅತ್ತಿದ್ದೇನೆ. ಕಥೆಯ ಗುಟ್ಟು ಸ್ವಲ್ಪ ಬಿಟ್ಟುಕೊಡದೆ ಉತ್ತರ ಹೇಳಲು ಆಗುವುದಿಲ್ಲ.

ಮೊದಲ ಪುಸ್ತಕದಲ್ಲಿ ಲೆವಿಟಾಸ್ ಎಂಬ ಪುಟ್ಟ ಡ್ರ್ಯಾಗನ್ ಇದ್ದಾನೆ. (‘ಅದು’ ಅನ್ನಲು ನನಗೆ ಮನಸ್ಸು ಬರುವುದಿಲ್ಲ. ನಾಲ್ಕು ಪುಟ ಓದಿದರೆ ನಿಮಗೂ ಹಾಗೇ ಆಗುತ್ತದೆ.) ಅವನ ಕ್ಯಾಪ್ಟನ್ ರಾಂಕಿನ್ ದೊಡ್ಡ ಮನೆತನದವನು. ಡ್ರ್ಯಾಗನ್ ಅಂದರೆ ಅವನಿಗೆ ಸವಾರಿಯ ಕುದುರೆ ಇದ್ದ ಹಾಗೆ, ಅಷ್ಟೆ. ಹಾರಿ ದಣಿದು ಬಂದವನ ಮೈ ತೊಳೆಸುವುದಿಲ್ಲ, ಒಂದು ಒಳ್ಳೆಯ ಮಾತಿಲ್ಲ. ಲೆವಿಟಾಸ್ ಮಾತ್ರ ಈಗ ಬಂದಾನು, ಆಗ ಬಂದಾನು ಎಂದು ಕಾಯುತ್ತಲೇ ಇರುತ್ತಾನೆ. ಕೊನೆಗೆ ಗಾಯಗೊಂಡು ಸಾಯುವಾಗಲೂ ಕೇಳುವುದು ಅವನನ್ನೇ. ಕಥಾನಾಯಕ ಲಾರೆನ್ಸ್ ಹೋಗಿ ರಾಂಕಿನ್‌ನನ್ನು ಬಲವಂತವಾಗಿ ಕರೆತರುತ್ತಾನೆ, ಅವನ ಬಾಯಿಂದ ನಾಲ್ಕು ಮಾತು ಹೊರಡಿಸುತ್ತಾನೆ. ಅಷ್ಟಕ್ಕೇ ಲೆವಿಟಾಸ್‌ಗೆ ಸಮಾಧಾನ. ನಾನು ಪುಸ್ತಕ ಮಡಚಿಟ್ಟು, ಹಿತ್ತಲಲ್ಲಿ ಮಲಗಿದ್ದ ನಮ್ಮ ನಾಯಿಯ ಪಕ್ಕ ತುಂಬ ಹೊತ್ತು ಸುಮ್ನೆ ಕೂತಿದ್ದೆ.

ಸರಣಿಯ ಜೀವ ಇರುವುದು ಇಲ್ಲೇ. ನಮ್ಮನ್ನು ಪೂರ್ತಿ ನಂಬಿದ ಜೀವಕ್ಕೆ ನಾವು ಏನು ಕೊಡಬೇಕು?

ಲಾರೆನ್ಸ್ ಇಂಗ್ಲಿಷ್ ನೌಕಾಪಡೆಯ ಕ್ಯಾಪ್ಟನ್. ಫ್ರೆಂಚ್ ಹಡಗೊಂದನ್ನು ಹಿಡಿದಾಗ ಅದರಲ್ಲಿ ಡ್ರ್ಯಾಗನ್ ಮೊಟ್ಟೆ ಸಿಗುತ್ತದೆ. ಮರಿ ಹೊರಬಂದದ್ದೇ, ಅದರ ಸವಾರನಾಗಲಿ ಎಂದು ಚೀಟಿ ಎತ್ತಿ ಆರಿಸಿಟ್ಟಿದ್ದ ಹುಡುಗನನ್ನು ಬಿಟ್ಟು ಲಾರೆನ್ಸ್ ಹತ್ತಿರ ಬಂದು, ಯಾಕೆ ಮುಖ ಗಂಟು ಹಾಕಿಕೊಂಡಿದ್ದೀಯ ಎಂದು ವಿಚಾರಿಸುತ್ತದೆ. ಅವನೇ ಟೆಮರೇರ್. ಅಂದಿನಿಂದ ಅವನ ಪ್ರಶ್ನೆಗಳು ನಿಲ್ಲುವುದೇ ಇಲ್ಲ. ಎರಡನೆಯ ಪುಸ್ತಕದಲ್ಲಿ ಇಬ್ಬರೂ ಚೀನಾಕ್ಕೆ ಹೋಗುತ್ತಾರೆ. ಅಲ್ಲಿ ಡ್ರ್ಯಾಗನ್‌ಗಳು ಓದುತ್ತವೆ, ಬರೆಯುತ್ತವೆ, ಊರಿನ ಬೀದಿಯಲ್ಲಿ ಮನುಷ್ಯರ ಜೊತೆಗೇ ಓಡಾಡುತ್ತವೆ. ಹಾಗಾದರೆ ಇಂಗ್ಲೆಂಡಿನಲ್ಲಿ ನಮಗೆ ಸಂಬಳ ಯಾಕಿಲ್ಲ ಎಂದು ಟೆಮರೇರ್ ಕೇಳುತ್ತಾನೆ. ಲಾರೆನ್ಸ್ ಹತ್ತಿರ ಉತ್ತರವಿಲ್ಲ. ಮೇಲಿನವರ ಆಜ್ಞೆಯೇ ಧರ್ಮ ಎಂದು ಬದುಕಿದವನು ಆ ಪ್ರಶ್ನೆಗಳಿಗೆ ನಿಧಾನವಾಗಿ ಬದಲಾಗುತ್ತಾ ಹೋಗುತ್ತಾನೆ. ಯುದ್ಧಕ್ಕಿಂತ ನನ್ನನ್ನು ಜಾಸ್ತಿ ಹಿಡಿದದ್ದು ಈ ಬದಲಾವಣೆ.

ಅದಕ್ಕೆ ಬೆಲೆ ತೆರಬೇಕಾಗುವುದು ನಾಲ್ಕನೆಯ ಪುಸ್ತಕದಲ್ಲಿ. ಡ್ರ್ಯಾಗನ್‌ಗಳಿಗೆ ಪಿಡುಗು ಬಡಿಯುತ್ತದೆ. ಆಫ್ರಿಕಾದಲ್ಲಿ ಒಂದು ಅಣಬೆಯ ರೂಪದಲ್ಲಿ ಔಷಧಿ ಸಿಗುತ್ತದೆ. ಆದರೆ ಇಂಗ್ಲೆಂಡಿನ ದೊಡ್ಡವರು ಬೇಕೆಂದೇ ರೋಗವನ್ನು ಫ್ರಾನ್ಸಿಗೆ ದಾಟಿಸುತ್ತಾರೆ. ಸಾಯುವುದು ಶತ್ರುವಿನ ಡ್ರ್ಯಾಗನ್‌ಗಳೇ ಆದರೂ ಟೆಮರೇರ್‌ಗೆ ತಡೆಯಲಾಗುವುದಿಲ್ಲ. ಇಬ್ಬರೂ ಔಷಧಿ ಕದ್ದು ಫ್ರಾನ್ಸಿಗೆ ಮುಟ್ಟಿಸುತ್ತಾರೆ. ಅದು ದೇಶದ್ರೋಹ, ಶಿಕ್ಷೆ ಗಲ್ಲು. ಇಲ್ಲೇ ಉಳಿದುಬಿಡು ಎಂದು ನೆಪೋಲಿಯನ್ ಕರೆದರೂ ಲಾರೆನ್ಸ್ ಒಪ್ಪುವುದಿಲ್ಲ.

ಪುಣ್ಯಕೋಟಿಗಾದರೂ ಹುಲಿಗೆ ಕೊಟ್ಟ ಮಾತಿತ್ತು. ಇವನು ಯಾರಿಗೂ ಮಾತು ಕೊಟ್ಟಿರಲಿಲ್ಲ. ಆದರೂ ವಾಪಸ್ ಹೊರಡುತ್ತಾನೆ. ಅವನನ್ನು ಸಮುದ್ರ ದಾಟಿಸಿ, ಆ ಗಲ್ಲಿನ ಕಡೆಗೆ ಬೆನ್ನ ಮೇಲೆ ಹೊತ್ತು ಹಾರಬೇಕಾದವನು ಟೆಮರೇರ್.