ಕ್ರೀಟ್‌ನ ಹನ್ಯಾಗೆ ಬೇಸಿಗೆ ರಜೆಯಲ್ಲಿ ಹೋಗುವುದೋ, ದಸರಾ ರಜೆಯಲ್ಲೋ? ವೀಸಾ ಸಿದ್ಧತೆ ಹೇಗೆ?

ನಮಸ್ಕಾರ. ನೀವು, ನಿಮ್ಮ ಪತ್ನಿ, ಹತ್ತು ವರ್ಷದ ಮಗಳು ಮತ್ತು 66 ವರ್ಷದ ಅತ್ತೆಯವರು ಮೈಸೂರಿನಿಂದ ಹೊರಟು ಗ್ರೀಸ್ ದೇಶದ ಕ್ರೀಟ್ ದ್ವೀಪದಲ್ಲಿರುವ ಹನ್ಯಾ ಪಟ್ಟಣದಲ್ಲಿ ಒಂದು ವಾರ ಇರಬೇಕೆಂದಿದ್ದೀರಿ. 2026ರ ಬೇಸಿಗೆ ರಜೆ ಒಳ್ಳೆಯದೋ ದಸರಾ ರಜೆ ಒಳ್ಳೆಯದೋ, ವೀಸಾಗೆ ಏನೇನು ಬೇಕು, ವಿಮಾನದ ಟಿಕೆಟ್ ಈಗಲೇ ಕೊಂಡಿಡಬಹುದೇ ಎಂದು ಕೇಳಿದ್ದೀರಿ. ನಾನು ಹನ್ಯಾಗೆ 2023ರ ಅಕ್ಟೋಬರ್‌ನಲ್ಲಿ ಒಮ್ಮೆ, 2025ರ ಮೇ ತಿಂಗಳಲ್ಲಿ ಇನ್ನೊಮ್ಮೆ ಕುಟುಂಬದೊಂದಿಗೆ ಹೋಗಿದ್ದರಿಂದ ಎರಡೂ ಕಾಲಗಳನ್ನು ಹೋಲಿಸಿ ಹೇಳಬಲ್ಲೆ. ನಿಮ್ಮ ಪರಿಸ್ಥಿತಿಗೆ ದಸರಾ ರಜೆಯೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ. ಅದಕ್ಕೆ ಸಮುದ್ರ ಎಷ್ಟು ಕಾರಣವೋ ವೀಸಾ ಅಷ್ಟೇ ಕಾರಣ.

ಮೊದಲು ಊರಿನ ಹೆಸರಿನ ವಿಷಯ. ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಾಗ ಅದು ‘ಚಾನಿಯಾ’ ಎಂದು ಓದುವಂತೆ ಕಾಣುತ್ತದೆ, ಆದರೆ ಅಲ್ಲಿನವರು ಹನ್ಯಾ ಎನ್ನುತ್ತಾರೆ. ಬಸ್ ನಿಲ್ದಾಣದಲ್ಲಿ ಚಾನಿಯಾ ಎಂದು ಕೇಳಿದರೆ ಎದುರಿಗಿದ್ದವರು ಒಂದು ಕ್ಷಣ ಯೋಚಿಸಬೇಕಾಗುತ್ತದೆ.

ಈಗ ಕಾಲದ ವಿಚಾರ. ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಕ್ರೀಟ್ ಅತ್ಯಂತ ಹಸಿರಾಗಿರುತ್ತದೆ. ಪಟ್ಟಣದ ದಕ್ಷಿಣಕ್ಕೆ ಎದ್ದು ನಿಂತಿರುವ ಲೆಫ್ಕಾ ಓರಿ, ಅಂದರೆ ಬಿಳಿಯ ಬೆಟ್ಟಗಳ ಸಾಲಿನಲ್ಲಿ 2,400 ಮೀಟರ್ ದಾಟುವ ಶಿಖರಗಳಿದ್ದು, ಮೇ ತಿಂಗಳಲ್ಲಿಯೂ ಅವುಗಳ ತುದಿಯಲ್ಲಿ ಹಿಮ ಕಾಣುತ್ತದೆ. ಕೆಳಗೆ ಬಂದರಿನಲ್ಲಿ ಕುಳಿತು ಕಾಫಿ ಕುಡಿಯುತ್ತ ಮೇಲೆ ಹಿಮ ನೋಡುವ ಅನುಭವವನ್ನು ನಾನು ಇಂದಿಗೂ ಮರೆತಿಲ್ಲ. ಆದರೆ ನಿಮ್ಮ ಮಗಳಿಗೆ ಬೇಕಿರುವುದು ಸಮುದ್ರ ಎಂದು ಬರೆದಿದ್ದೀರಿ. ಮೇ ತಿಂಗಳಲ್ಲಿ ಅಲ್ಲಿಯ ನೀರಿನ ಉಷ್ಣತೆ ಸುಮಾರು 19–20 ಡಿಗ್ರಿ ಮಾತ್ರ ಇರುತ್ತದೆ; ಉತ್ತರ ಯುರೋಪಿನಿಂದ ಬಂದವರು ಅದರಲ್ಲಿ ಸಂತೋಷವಾಗಿ ಈಜುತ್ತಿದ್ದರೆ, ಕಾರವಾರ, ಮಲ್ಪೆಗಳ ಬೆಚ್ಚಗಿನ ನೀರಿಗೆ ಒಗ್ಗಿದ ನಮ್ಮ ಮಕ್ಕಳು ಮೊಣಕಾಲಿನವರೆಗೆ ಇಳಿದು ಹಿಂದಕ್ಕೆ ಓಡಿ ಬಂದರು. ಸಮುದ್ರವು ನೆಲಕ್ಕಿಂತ ನಿಧಾನವಾಗಿ ಕಾಯುತ್ತದೆ, ನಿಧಾನವಾಗಿಯೇ ಆರುತ್ತದೆ. ಬೇಸಿಗೆಯಿಡೀ ಕಾದ ನೀರು ಅಕ್ಟೋಬರ್‌ನಲ್ಲಿಯೂ ಸುಮಾರು 23 ಡಿಗ್ರಿ ಇರುವುದು ಅದರಿಂದಲೇ. ಗಾಳಿಯ ಉಷ್ಣತೆ ಎರಡೂ ತಿಂಗಳಲ್ಲಿ ಹೆಚ್ಚುಕಡಿಮೆ ಒಂದೇ ಆಗಿದ್ದರೂ ನೀರಿನಲ್ಲಿ ಇಷ್ಟು ವ್ಯತ್ಯಾಸ ಉಳಿಯುತ್ತದೆ.

ಏಪ್ರಿಲ್‌ಗೆ ಇನ್ನೊಂದು ಲೆಕ್ಕವಿದೆ. ಗ್ರೀಸ್‌ನ ಆರ್ಥೊಡಾಕ್ಸ್ ಈಸ್ಟರ್ 2026ರಲ್ಲಿ ಏಪ್ರಿಲ್ 12ಕ್ಕೆ ಬರುತ್ತದೆ. ನಮ್ಮಲ್ಲಿ ಶಾಲೆಗಳಿಗೆ ಬೇಸಿಗೆ ರಜೆ ಶುರುವಾಗುವುದೂ ಅದೇ ಹೊತ್ತಿಗೆ. ಅದು ಅವರ ಅತಿ ದೊಡ್ಡ ಹಬ್ಬ, ಅಥೆನ್ಸ್‌ನಲ್ಲಿರುವವರೆಲ್ಲ ತಮ್ಮ ಊರುಗಳಿಗೆ ಹೊರಡುವುದರಿಂದ ಪಿರೇಯಸ್ ಬಂದರಿನ ಹಡಗುಗಳಲ್ಲಿ ಮತ್ತು ದೇಶದೊಳಗಿನ ವಿಮಾನಗಳಲ್ಲಿ ಜಾಗ ಸಿಗುವುದು ಕಷ್ಟ. ಅದರಲ್ಲಿ ಅತ್ತೆಯವರಿಗೆ ಅನುಕೂಲವಾಗುವ ಒಂದು ಅಂಶವೂ ಇದೆ ಎಂಬುದನ್ನು ಹೇಳದೆ ಇರಲಾರೆ: ಈಸ್ಟರ್‌ಗೆ ಮುಂಚಿನ ವ್ರತದ ವಾರಗಳಲ್ಲಿ ಹೋಟೆಲುಗಳು ಮಾಂಸ, ಹಾಲು, ಮೊಟ್ಟೆ ಇಲ್ಲದ ಅಡುಗೆಯನ್ನು ಧಾರಾಳವಾಗಿ ಮಾಡುತ್ತವೆ. ಉಳಿದ ಕಾಲದಲ್ಲಿಯೂ ಸಸ್ಯಾಹಾರಿಗಳು ಹಸಿದಿರಬೇಕಾಗಿಲ್ಲ. ಒಣಗಿಸಿದ ಬಾರ್ಲಿ ರೊಟ್ಟಿಯ ಮೇಲೆ ಹೆಚ್ಚಿದ ಟೊಮೇಟೊ, ಚೀಸ್, ಆಲಿವ್ ಎಣ್ಣೆ ಹಾಕಿದ ಡಾಕೋಸ್, ಬೇಯಿಸಿದ ಕಾಡುಸೊಪ್ಪಾದ ಹೋರ್ತಾ, ದೊಡ್ಡ ಬೀನ್ಸ್ ಕಾಳನ್ನು ಟೊಮೇಟೊ ರಸದಲ್ಲಿ ಬೇಯಿಸಿದ ಗಿಗಾಂಡೆಸ್ ಎಲ್ಲ ಕಡೆಯೂ ಸಿಗುತ್ತವೆ. ಸೊಪ್ಪು ಮತ್ತು ಕಾಳುಗಳ ಅಡುಗೆಗೆ ಒಗ್ಗಿದ ಹಿರಿಯರಿಗೆ ಕ್ರೀಟ್‌ನ ಊಟ ಪರಕೀಯ ಅನ್ನಿಸುವುದಿಲ್ಲ.

ಜುಲೈ, ಆಗಸ್ಟ್ ತಿಂಗಳುಗಳು ನಿಮ್ಮ ಪಟ್ಟಿಯಲ್ಲಿ ಇಲ್ಲದಿರುವುದು ಒಳ್ಳೆಯದೇ ಆಯಿತು. ಬಿಸಿಲು ಒಂದು ಕಡೆ, ಮೆಲ್ಟೆಮಿ ಎಂದು ಕರೆಯುವ ಉತ್ತರದ ಬಲವಾದ ಗಾಳಿ ಇನ್ನೊಂದು ಕಡೆ. ಆ ಗಾಳಿ ಬೀಸಿದ ದಿನಗಳಲ್ಲಿ ಉತ್ತರ ತೀರದಲ್ಲಿ ಅಲೆಗಳೇಳುತ್ತವೆ, ಹನ್ಯಾದ ಪಶ್ಚಿಮಕ್ಕಿರುವ ಕಿಸ್ಸಾಮೋಸ್ ಬಂದರಿನಿಂದ ಬಾಲೋಸ್ ಕಡಲತೀರಕ್ಕೆ ಹೋಗುವ ದೋಣಿಗಳು ನಿಂತುಬಿಡಬಹುದು.

ಅಕ್ಟೋಬರ್‌ನಲ್ಲಿ ದೋಷಗಳಿಲ್ಲವೆಂದಲ್ಲ. ಮೊದಲ ಮಳೆಗಳು ಆ ತಿಂಗಳಲ್ಲಿಯೇ ಬರುತ್ತವೆ ಮತ್ತು ತಿಂಗಳು ಮುಗಿಯುತ್ತಿದ್ದಂತೆ ಪ್ರವಾಸಿ ಸೌಲಭ್ಯಗಳು ಒಂದೊಂದಾಗಿ ಮುಚ್ಚುತ್ತವೆ. ಇಲ್ಲಿ ನಮ್ಮ ಪಂಚಾಂಗವನ್ನೂ ಗಮನಿಸಬೇಕು: 2026ರಲ್ಲಿ ಅಧಿಕ ಜ್ಯೇಷ್ಠ ಮಾಸ ಬಂದಿರುವುದರಿಂದ ಹಬ್ಬಗಳೆಲ್ಲ ಮುಂದಕ್ಕೆ ಹೋಗಿ ವಿಜಯದಶಮಿ ಅಕ್ಟೋಬರ್ 20ಕ್ಕೆ ಬಿದ್ದಿದೆ. ಮಗಳಿಗೆ ಅಕ್ಟೋಬರ್ 8ರಿಂದ 25ರವರೆಗೆ ರಜೆ, ಆದರೆ ವಿಜಯದಶಮಿಯ ದಿನ ಮನೆಯಲ್ಲಿರಲೇಬೇಕು ಎಂಬುದು ಅತ್ತೆಯವರ ಇಚ್ಛೆ ಎಂದು ಬರೆದಿದ್ದೀರಿ. ಅವರ ಇಚ್ಛೆಯೂ ಅಲ್ಲಿಯ ಹವಾಮಾನವೂ ಒಂದೇ ದಿಕ್ಕಿಗೆ ಬೆರಳು ತೋರಿಸುತ್ತವೆ. ಅಕ್ಟೋಬರ್ 9ರಂದು ಹೊರಟು 10ಕ್ಕೆ ಅಥೆನ್ಸ್ ತಲುಪಿ, 17ಕ್ಕೆ ಅಲ್ಲಿಂದ ಹೊರಟು 18ಕ್ಕೆ ಮನೆ ಸೇರಿರಿ. ರಜೆಯ ಕೊನೆಯ ವಾರದಲ್ಲಿ ಹೋದರೆ ಅಕ್ಟೋಬರ್ 28ರ ಗ್ರೀಕ್ ರಾಷ್ಟ್ರೀಯ ರಜೆಯ ಸಂದಣಿಯೂ ಮಳೆಯ ಸಂಭವವೂ ಹತ್ತಿರವಾಗುತ್ತವೆ.

ಸಮಾರಿಯಾ ಕಮರಿಯ ಬಗ್ಗೆ ಕೇಳಿದ್ದೀರಿ. ಅದು ಸಾಮಾನ್ಯವಾಗಿ ಮೇ ಆರಂಭದಿಂದ ಅಕ್ಟೋಬರ್ ಕೊನೆಯವರೆಗೆ ತೆರೆದಿರುತ್ತದೆ, ಮಳೆಯ ಮುನ್ಸೂಚನೆ ಇದ್ದ ದಿನ ಮುಚ್ಚುತ್ತಾರೆ. ಸುಮಾರು 1,200 ಮೀಟರ್ ಎತ್ತರದ ಕ್ಸಿಲೋಸ್ಕಾಲೊದಿಂದ ಸಮುದ್ರ ಮಟ್ಟದ ಅಯಿಯಾ ರೂಮೆಲಿ ಗ್ರಾಮದವರೆಗೆ 16 ಕಿಲೋಮೀಟರ್ ಕಲ್ಲುದಾರಿಯಲ್ಲಿ ಇಳಿಯಬೇಕು, ನಡುವೆ ಹೊರಬರುವ ರಸ್ತೆಯಿಲ್ಲ. ಮಂಡಿನೋವಿರುವ ಅತ್ತೆಯವರನ್ನು ದಯವಿಟ್ಟು ಅಲ್ಲಿಗೆ ಕರೆದೊಯ್ಯಬೇಡಿ. ಅದರ ಬದಲು ಬಸ್ಸಿನಲ್ಲಿ ದಕ್ಷಿಣ ತೀರದ ಹೋರಾ ಸ್ಫಾಕಿಯೋನ್‌ಗೆ ಹೋಗಿ, ಅಲ್ಲಿಂದ ದೋಣಿಯಲ್ಲಿ ರಸ್ತೆಯೇ ಇಲ್ಲದ ಲೂತ್ರೊ ಎಂಬ ಪುಟ್ಟ ಊರಿಗೆ ಹೋಗಿ ಬನ್ನಿ. ನಾಲ್ವರಿಗೂ ಒಪ್ಪುವ ದಿನ ಅದು. ಉಳಿದ ದಿನಗಳಿಗೆ ಹನ್ಯಾದ ಹಳೆಯ ಬಂದರೇ ಸಾಕು. ವೆನಿಸ್‌ನವರು ಕಟ್ಟಿದ, 1830ರ ದಶಕದಲ್ಲಿ ಈಜಿಪ್ಟಿನವರ ಆಡಳಿತದಲ್ಲಿ ಈಗಿನ ರೂಪಕ್ಕೆ ಬಂದ ದೀಪಸ್ತಂಭದವರೆಗೆ ಅಲೆತಡೆ ಗೋಡೆಯ ಮೇಲೆ ಸಂಜೆ ನಡೆದು ಹೋಗಬಹುದು. ಎದುರು ದಡದಲ್ಲಿ ಒಟ್ಟೊಮನ್ನರ ಕಾಲದ ಮಸೀದಿಯ ಗುಮ್ಮಟ ಕಾಣುತ್ತದೆ.

ಇನ್ನು ಪ್ರವೇಶದ ನಿಯಮಗಳು. ಭಾರತೀಯ ಪಾಸ್‌ಪೋರ್ಟ್ ಇರುವವರಿಗೆ ಗ್ರೀಸ್‌ಗೆ ಹೋಗಲು ಷೆಂಗೆನ್ ವೀಸಾ, ಅಂದರೆ ಗ್ರೀಸ್ ಸೇರಿದಂತೆ ಯುರೋಪಿನ ಹಲವು ದೇಶಗಳ ಗುಂಪಿಗೆ ಒಟ್ಟಾಗಿ ಕೊಡುವ ವೀಸಾ ಬೇಕು. ಅಲ್ಲಿಗೆ ಇಳಿದ ಮೇಲೆ ಪಡೆಯುವ ವ್ಯವಸ್ಥೆ ಇಲ್ಲ. ಯಾವುದೇ 180 ದಿನಗಳ ಅವಧಿಯಲ್ಲಿ 90 ದಿನಗಳವರೆಗೆ ಇರಬಹುದಾದ ಅಲ್ಪಾವಧಿ ವೀಸಾ ಅದು. ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳ ಮುಂಚಿನಿಂದ ಸಲ್ಲಿಸಬಹುದು, ಹದಿನೈದು ದಿನ ಉಳಿದಿರುವವರೆಗೆ ಮಾತ್ರ ಸಲ್ಲಿಸಬಹುದು. ನಿಮ್ಮ ದಿನಾಂಕಕ್ಕೆ ಲೆಕ್ಕ ಹಾಕಿದರೆ ಬಾಗಿಲು ಏಪ್ರಿಲ್ ಎರಡನೆಯ ವಾರದಲ್ಲಿ ತೆರೆಯುತ್ತದೆ, ಸೆಪ್ಟೆಂಬರ್ ಕೊನೆಯ ವಾರದಲ್ಲಿ ಮುಚ್ಚುತ್ತದೆ. ತೀರ್ಮಾನಕ್ಕೆ ಸಾಮಾನ್ಯವಾಗಿ 15 ದಿನ ಎಂದು ನಿಯಮವಿದೆ, ಹೆಚ್ಚಿನ ಪರಿಶೀಲನೆ ಬೇಕಾದರೆ 45 ದಿನಗಳವರೆಗೆ ಹೋಗಬಹುದು. ಆದ್ದರಿಂದ 15ನ್ನು ನಂಬದೆ 45ನ್ನು ಆಧಾರವಾಗಿಟ್ಟುಕೊಳ್ಳಿ. ಏಪ್ರಿಲ್, ಮೇ ತಿಂಗಳುಗಳಲ್ಲಿ ಇಡೀ ದೇಶವೇ ಬೇಸಿಗೆ ಪ್ರವಾಸಕ್ಕೆ ಅರ್ಜಿ ಹಾಕುತ್ತಿರುತ್ತದೆ. ಜುಲೈ ಮೊದಲ ಎರಡು ವಾರಗಳಲ್ಲಿ ನೀವು ಅರ್ಜಿ ಕೊಟ್ಟರೆ ಆ ನೂಕುನುಗ್ಗಲು ಇಳಿದಿರುತ್ತದೆ, ಪ್ರಯಾಣಕ್ಕೂ ಮೂರು ತಿಂಗಳಿರುತ್ತದೆ. ದಸರಾ ರಜೆಯ ಪರವಾಗಿ ನನ್ನ ಎರಡನೆಯ ವಾದ ಇದೇ.

ಟಿಕೆಟ್ ಈಗಲೇ ಕೊಂಡಿಡುವ ಬಗ್ಗೆ ನನಗೆ ಆದದ್ದನ್ನು ಹೇಳುತ್ತೇನೆ. ನಾವು ಮೊದಲು ಹೊರಡಬೇಕೆಂದಿದ್ದದ್ದು 2023ರ ಮೇ ತಿಂಗಳಲ್ಲಿ. ಬೆಲೆ ಕಡಿಮೆಯಿದೆ ಎಂದು ಫೆಬ್ರುವರಿಯಲ್ಲಿಯೇ ಹಣ ವಾಪಸಾಗದ ಟಿಕೆಟ್ ತೆಗೆದುಕೊಂಡೆವು. ಅರ್ಜಿ ಕೊಡಲು ಸಮಯ ಕಾಯ್ದಿರಿಸಲು ಹೋದಾಗ ದಿನಗಳೇ ಖಾಲಿ ಇರಲಿಲ್ಲ. ಕೊನೆಗೆ ಸಿಕ್ಕ ದಿನಾಂಕದಲ್ಲಿ ಅರ್ಜಿ ಕೊಟ್ಟು ಕಾದೆವು. ವೀಸಾ ಅಂಟಿಸಿದ ಪಾಸ್‌ಪೋರ್ಟ್‌ಗಳು ನಮ್ಮ ವಿಮಾನ ಹೊರಟು ಹೋದ ಎರಡು ದಿನಗಳ ನಂತರ ಕೈಗೆ ಬಂದವು. ಐವರ ಟಿಕೆಟ್ ಹಣ ಹೋಯಿತು, ಅದಕ್ಕಿಂತ ಹೆಚ್ಚಾಗಿ ಮಕ್ಕಳ ನಿರಾಸೆಯನ್ನು ನೋಡಬೇಕಾಯಿತು. ಅರ್ಜಿಗೆ ಬೇಕಿರುವುದು ಹೋಗಿಬರುವ ವಿಮಾನದ ಕಾಯ್ದಿರಿಸುವಿಕೆಯೇ ಹೊರತು ಪೂರ್ತಿ ಹಣ ಕೊಟ್ಟ ಟಿಕೆಟ್ ಅಲ್ಲ. ರದ್ದು ಮಾಡಿದರೆ ಹಣ ಮರಳುವ ಟಿಕೆಟ್ ಮತ್ತು ಅಂಥದೇ ಹೋಟೆಲ್ ಕೋಣೆ ತೆಗೆದುಕೊಳ್ಳಿ, ನಾಲ್ಕು ಸಾವಿರ ಹೆಚ್ಚಾದರೂ ಚಿಂತೆಯಿಲ್ಲ.

ದಾಖಲೆಗಳಲ್ಲಿ ಮೊದಲು ಪಾಸ್‌ಪೋರ್ಟ್‌ಗಳನ್ನು ಇಂದೇ ತೆಗೆದು ನೋಡಿ. ಅವು ಕಳೆದ ಹತ್ತು ವರ್ಷಗಳೊಳಗೆ ಕೊಟ್ಟವಾಗಿರಬೇಕು, ಷೆಂಗೆನ್ ಪ್ರದೇಶ ಬಿಟ್ಟ ದಿನದಿಂದ ಕನಿಷ್ಠ ಮೂರು ತಿಂಗಳು, ಅಂದರೆ ನಿಮಗೆ 2027ರ ಜನವರಿ 17ರವರೆಗಾದರೂ ಚಾಲ್ತಿಯಲ್ಲಿರಬೇಕು, ಎರಡು ಖಾಲಿ ಪುಟಗಳಿರಬೇಕು. ದೊಡ್ಡವರ ಪಾಸ್‌ಪೋರ್ಟ್ ಹತ್ತು ವರ್ಷ ನಡೆಯುತ್ತದೆ ಎಂಬ ನೆನಪಿನಲ್ಲಿ ಮಕ್ಕಳದು ಐದೇ ವರ್ಷ ಎಂಬುದನ್ನು ಬಹಳ ಜನ ಮರೆಯುತ್ತಾರೆ. ಮಗಳಿಗೆ ಐದನೆಯ ವಯಸ್ಸಿನಲ್ಲಿ ಮಾಡಿಸಿದ್ದು ಎಂದಿದ್ದೀರಿ. ಅದರ ಅವಧಿ ಮುಗಿಯುವ ಹತ್ತಿರವೇ ಇರಬೇಕು, ನವೀಕರಣವೇ ನಿಮ್ಮ ಮೊದಲ ಕೆಲಸ. ಹೆಸರಿನ ವಿಷಯದಲ್ಲಿಯೂ ಎಚ್ಚರ ಬೇಕು. ನಮ್ಮ ಕಡೆಯ ಹಿರಿಯರ ಪಾಸ್‌ಪೋರ್ಟ್‌ಗಳಲ್ಲಿ ಉಪನಾಮದ ಜಾಗ ಖಾಲಿಯಿರುವುದು ಸಾಮಾನ್ಯ. ಅರ್ಜಿ, ವಿಮೆ, ಟಿಕೆಟ್ ಮೂರರಲ್ಲಿಯೂ ಪಾಸ್‌ಪೋರ್ಟ್‌ನಲ್ಲಿ ಇರುವ ಹೆಸರೇ ಬರುವಂತೆ ನೋಡಿಕೊಳ್ಳಿ, ಇನಿಷಿಯಲ್ ಬಿಡಿಸಿ ಬರೆಯುವ ಉತ್ಸಾಹ ಬೇಡ.

ವೀಸಾ ಶುಲ್ಕ 2024ರ ಜೂನ್‌ನಿಂದ ದೊಡ್ಡವರಿಗೆ 90 ಯೂರೋ, ಆರರಿಂದ ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ 45 ಯೂರೋ. ಅರ್ಜಿ ಕೇಂದ್ರದ ಸೇವಾ ಶುಲ್ಕ ಬೇರೆ. ವೀಸಾ ನಿರಾಕರಿಸಿದರೆ ಈ ಹಣ ಮರಳುವುದಿಲ್ಲ. ಪ್ರಯಾಣ ವಿಮೆ ಕನಿಷ್ಠ 30,000 ಯೂರೋ ಮೊತ್ತದ್ದಾಗಿ ಇಡೀ ಷೆಂಗೆನ್ ಪ್ರದೇಶಕ್ಕೆ, ಅಲ್ಲಿರುವ ಎಲ್ಲ ದಿನಗಳಿಗೆ ಅನ್ವಯಿಸಬೇಕು. ಉಳಿದವು ಬ್ಯಾಂಕ್ ಖಾತೆಯ ವಿವರ, ಆದಾಯ ತೆರಿಗೆ ದಾಖಲೆ, ಕೆಲಸದ ಸ್ಥಳದಿಂದ ರಜೆ ಮಂಜೂರಾತಿ ಪತ್ರ, ಹೋಟೆಲ್ ಕಾಯ್ದಿರಿಸಿದ ಪತ್ರ, ದಿನವಾರು ಯೋಜನೆ. ಮಗಳ ಜನನ ಪ್ರಮಾಣಪತ್ರ ಇಟ್ಟು, ಅವಳ ಅರ್ಜಿಗೆ ತಂದೆ ತಾಯಿ ಇಬ್ಬರೂ ಸಹಿ ಮಾಡಿ. ಅತ್ತೆಯವರ ಖರ್ಚನ್ನು ನೀವು ವಹಿಸುತ್ತಿದ್ದರೆ ಹಾಗೆಂದು ಪತ್ರ ಬರೆದು ಸಂಬಂಧ ತೋರಿಸುವ ದಾಖಲೆ ಇಡಿ, ಅವರ ಪಿಂಚಣಿಯ ಪುಸ್ತಕವನ್ನೂ ಸೇರಿಸಿ. ಹನ್ನೆರಡು ವರ್ಷದೊಳಗಿನ ಮಕ್ಕಳ ಬೆರಳಚ್ಚು ತೆಗೆಯುವುದಿಲ್ಲ; ದೊಡ್ಡವರು ಕಳೆದ 59 ತಿಂಗಳೊಳಗೆ ಕೊಟ್ಟಿದ್ದರೆ ಅದನ್ನೇ ಬಳಸಬಹುದು.

ಫ್ರಾನ್ಸ್ ವೀಸಾ ಬೇಗ ಸಿಗುತ್ತದೆ, ಅದನ್ನು ಪಡೆದು ಗ್ರೀಸ್‌ಗೆ ಹೋಗಿ ಎಂದು ಸ್ನೇಹಿತರೊಬ್ಬರು ಹೇಳಿದ್ದಾಗಿ ಬರೆದಿದ್ದೀರಿ. ಹಾಗೆ ಮಾಡಬೇಡಿ. ಹೆಚ್ಚು ದಿನ ಇರುವ ದೇಶಕ್ಕೇ ಅರ್ಜಿ ಹಾಕಬೇಕು, ದಿನಗಳು ಸಮವಾಗಿದ್ದರೆ ಮೊದಲು ಪ್ರವೇಶಿಸುವ ದೇಶಕ್ಕೆ ಎಂಬುದು ನಿಯಮ. ಇಡೀ ವಾರ ಕ್ರೀಟ್‌ನಲ್ಲಿ ಇರುವ ನೀವು ಫ್ರಾನ್ಸ್‌ಗೆ ಅರ್ಜಿ ಹಾಕಲು ಸುಳ್ಳು ಪ್ರಯಾಣ ಯೋಜನೆಯನ್ನು ಬರೆದುಕೊಡಬೇಕಾಗುತ್ತದೆ. ಅದು ಗಡಿಯಲ್ಲಿ ಬಯಲಾದರೆ ಮುಂದಿನ ಎಲ್ಲ ವೀಸಾಗಳಿಗೂ ತೊಡಕು. ನೇರವಾಗಿ ನಡೆದುಕೊಂಡವರಿಗೆ ಅನುಕೂಲವೂ ಇದೆ: 2024ರ ಏಪ್ರಿಲ್‌ನಿಂದ ಭಾರತೀಯರಿಗೆ ಬಂದಿರುವ ವ್ಯವಸ್ಥೆಯ ಪ್ರಕಾರ, ಹಿಂದಿನ ಮೂರು ವರ್ಷಗಳಲ್ಲಿ ಎರಡು ವೀಸಾ ಪಡೆದು ಸರಿಯಾಗಿ ಬಳಸಿದವರಿಗೆ ಎರಡು ವರ್ಷದ ವೀಸಾ ಸಿಗಬಹುದು, ಪಾಸ್‌ಪೋರ್ಟ್‌ಗೆ ಅಷ್ಟು ಅವಧಿ ಉಳಿದಿದ್ದರೆ ಅದರ ನಂತರ ಐದು ವರ್ಷದ್ದು.

ವೀಸಾ ಬಂದೊಡನೆ ಅದರ ಮೇಲಿನ ಮೂರು ಅಂಶಗಳನ್ನು ಓದಿ: ಯಾವಾಗಿನಿಂದ ಯಾವಾಗಿನವರೆಗೆ, ಎಷ್ಟು ಪ್ರವೇಶ, ಎಷ್ಟು ದಿನ. ದಿನಾಂಕಗಳ ನಡುವೆ ಇಪ್ಪತ್ತೈದು ದಿನಗಳಿದ್ದರೂ ದಿನಗಳ ಸಂಖ್ಯೆ ಹತ್ತು ಎಂದಿದ್ದರೆ ಇರಬಹುದಾದದ್ದು ಹತ್ತೇ ದಿನ.

ಗಡಿಯಲ್ಲಿ ಈಗ ಮುದ್ರೆಯ ಬದಲು ಕಂಪ್ಯೂಟರ್ ದಾಖಲೆ ಬರುತ್ತಿದೆ. 2025ರ ಅಕ್ಟೋಬರ್ 12ರಂದು ಆರಂಭವಾದ ಈ ಪ್ರವೇಶ–ನಿರ್ಗಮನ ವ್ಯವಸ್ಥೆ 2026ರ ಏಪ್ರಿಲ್ 10ರ ಹೊತ್ತಿಗೆ ಎಲ್ಲ ಗಡಿಗಳಿಗೂ ವಿಸ್ತರಿಸುವುದೆಂದು ನಿಗದಿಯಾಗಿದೆ. ನಿಮ್ಮ ಮುಖದ ಚಿತ್ರ ತೆಗೆಯುತ್ತಾರೆ, ಬಂದ ದಿನ ಹೋದ ದಿನ ತಾನಾಗಿಯೇ ಲೆಕ್ಕಕ್ಕೆ ಸೇರುತ್ತದೆ. ಎಟಿಯಾಸ್ ಎಂಬ ಅನುಮತಿಯ ಸುದ್ದಿ ಓದಿ ಗಾಬರಿಯಾಗಿದ್ದೀರಿ. ಅದು ವೀಸಾ ಬೇಡದ ದೇಶಗಳವರಿಗೆ, ನಮಗಲ್ಲ. ಕೊಲ್ಲಿ ದೇಶದ ಮೂಲಕ ಹೋದರೆ ಈ ತಪಾಸಣೆ ಅಥೆನ್ಸ್‌ನಲ್ಲಿ ನಡೆಯುತ್ತದೆ, ಅದರ ನಂತರ ಹನ್ಯಾ ವಿಮಾನ ಹಿಡಿಯಬೇಕು. ಎರಡರ ನಡುವೆ ಮೂರು ಗಂಟೆಗಿಂತ ಕಡಿಮೆ ಬಿಡಬೇಡಿ. ತಪ್ಪಿದರೂ ಪಿರೇಯಸ್‌ನಿಂದ ರಾತ್ರಿ ಹೊರಟು ಬೆಳಗ್ಗೆ ಹನ್ಯಾ ಸಮೀಪದ ಸೌದಾ ಬಂದರು ತಲುಪುವ ಹಡಗು ಇದೆ.

ಹೋಟೆಲಿನಲ್ಲಿ ಕೋಣೆಯ ಬಾಡಿಗೆಯ ಮೇಲೆ ಹವಾಮಾನ ಸುಂಕವನ್ನು ಬೇರೆಯಾಗಿ ಕೇಳುತ್ತಾರೆ. ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಮೂರು ತಾರೆಯ ಹೋಟೆಲಿಗೆ ಕೋಣೆಗೆ ದಿನಕ್ಕೆ 5 ಯೂರೋ, ನಾಲ್ಕು ತಾರೆಯದಕ್ಕೆ 10 ಯೂರೋ. ಕಾರು ಬಾಡಿಗೆಗೆ ಪಡೆಯುವುದಾದರೆ ಮೈಸೂರಿನ ಆರ್‌ಟಿಒ ಕಚೇರಿಯಿಂದ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿಕೊಳ್ಳಿ, ಅಲ್ಲಿ ರಸ್ತೆಯ ಬಲಬದಿಯಲ್ಲಿ ಓಡಿಸಬೇಕು. ಅಥೆನ್ಸ್‌ನ ಅಧಿಕಾರಿ ನಮ್ಮ ಕುಟುಂಬವನ್ನು ಕೇಳಿದ್ದು ಎಲ್ಲಿ ಇರುತ್ತೀರಿ, ಯಾವಾಗ ಹಿಂತಿರುಗುತ್ತೀರಿ ಎಂಬ ಎರಡೇ ಪ್ರಶ್ನೆ, ಆದರೆ ಒಬ್ಬೊಬ್ಬರನ್ನೂ ಬೇರೆಯಾಗಿ ಕೇಳಿದರು. ಹೋಟೆಲ್ ಪತ್ರ, ಹಿಂತಿರುಗುವ ಟಿಕೆಟ್, ವಿಮೆ ಈ ಮೂರರ ಒಂದೊಂದು ಮುದ್ರಿತ ಪ್ರತಿಯನ್ನು ಅತ್ತೆಯವರ ಕೈಚೀಲದಲ್ಲಿಯೂ ಇಟ್ಟಿರಿ.