ಅಪ್ಪ ಅಮ್ಮನ ಜೊತೆ ಸ್ಯಾನ್ ಫ್ರಾನ್ಸಿಸ್ಕೋದ ಜಪಾನೀಸ್ ಟೀ ಗಾರ್ಡನ್ ನೋಡಲು ಒಂದು ಗಂಟೆ ಸಾಕೇ?

ಹಳೆಯ ಸೆರೆಮನೆಯ ದ್ವೀಪವಾದ ಅಲ್ಕಟ್ರಾಜ್‌ಗೆ ಹೋಗುವ ಮಧ್ಯಾಹ್ನದ ದೋಣಿಗೆ ಮುಂಚೆ ಒಂದು ಗಂಟೆ ಬಿಡುವಿದೆ, ಹೇಗೂ ನಕಲಿ ಜಪಾನ್ ತಾನೇ, ಅಷ್ಟರಲ್ಲಿ ಮುಗಿಸಿಬಿಡಬಹುದೇ ಎಂದು ಕೇಳಿದ್ದೀರಿ. ಮುಗಿಸಬಹುದು, ಏನನ್ನೂ ನೋಡದೆ. ನಾನು ಮುಗಿಸಿದ್ದು ಹಾಗೆಯೇ.

ಅಪ್ಪ ಅಮ್ಮ ಮೈಸೂರಿನಿಂದ ಬಂದಿದ್ದ ಬೇಸಿಗೆ ಅದು, ಜುಲೈ ತಿಂಗಳ ಒಂದು ಶನಿವಾರ. ಸ್ಯಾನ್ ಹೋಸೆಯಲ್ಲಿ ಕಾರು ಹತ್ತುವಾಗ ಸುಡುಬಿಸಿಲು. ಗೋಲ್ಡನ್ ಗೇಟ್ ಪಾರ್ಕಿನಲ್ಲಿ ಇಳಿಯುವಾಗ ಮಡಿಕೇರಿಯ ಮಳೆಗಾಲದಂಥ ಮಂಜು. ಅಮ್ಮ ಹತ್ತಿಸೀರೆಯ ಸೆರಗನ್ನು ಕಿವಿಗೆ ಸುತ್ತಿಕೊಂಡರು. ಅದು ಸಣ್ಣ ವಿಷಯ, ಸ್ವೆಟರ್ ಒಯ್ದರೆ ಮುಗಿಯಿತು. ನಾನು ಎಡವಿದ್ದು ದೋಣಿಯ ಲೆಕ್ಕದಲ್ಲಿ.

ನೀವೂ ಅದೇ ಲೆಕ್ಕ ಹಾಕಿರುವುದರಿಂದ ಇದನ್ನು ಬಿಡಿಸಿಯೇ ಹೇಳುತ್ತೇನೆ. ಟೀ ಗಾರ್ಡನ್ ಇರುವುದು ನಗರದ ಪಶ್ಚಿಮಕ್ಕೆ, ಪಾರ್ಕಿನೊಳಗೆ. ದೋಣಿ ಹೊರಡುವುದು ಈಶಾನ್ಯದ ಕಡಲಂಚಿನ ಪಿಯರ್ 33ರಿಂದ. ಮೊಬೈಲಿನ ನಕ್ಷೆ ಅರ್ಧ ಗಂಟೆ ಎಂದಿತು, ನಂಬಿದೆ. ನಕ್ಷೆಗೆ ಗೊತ್ತಿರುವುದು ಕಾರು ಉರುಳುವ ಸಮಯ ಮಾತ್ರ. ನೆಲದಡಿಯ ಪಾರ್ಕಿಂಗ್‌ನಿಂದ ಮಂಡಿನೋವಿನ ಅಪ್ಪ ಮೇಲೆ ಬರುವ ಸಮಯ, ಟಿಕೆಟ್ ಸಾಲು, ಶೌಚಾಲಯದ ಸಾಲು, ಹೊರಡುವಾಗ ಪಾರ್ಕಿಂಗ್ ಹಣ ಕಟ್ಟುವ ಯಂತ್ರದ ಮುಂದೆ ಇನ್ನೊಂದು ಸಾಲು, ಆಮೇಲೆ ಕಡಲಂಚಿನಲ್ಲಿ ಮತ್ತೆ ಪಾರ್ಕಿಂಗ್ ಹುಡುಕುವ ಪಾಡು, ಇವು ಯಾವುದೂ ಆ ಅರ್ಧ ಗಂಟೆಯಲ್ಲಿ ಸೇರಿರಲಿಲ್ಲ. ದೋಣಿಯಂತೂ ಕಾಯುವುದಿಲ್ಲ. ಬೇಸಿಗೆಯಲ್ಲಿ ಆ ಟಿಕೆಟ್‌ಗಳು ಎಷ್ಟೋ ದಿನ ಮುಂಚೆಯೇ ಮುಗಿದುಹೋಗುವುದರಿಂದ, ಇದು ತಪ್ಪಿದರೆ ಮುಂದಿನದ್ದು ಎನ್ನುವ ಹಾಗೂ ಇಲ್ಲ. ಇಷ್ಟು ಸಾಲದೆಂಬಂತೆ, ಗಾರ್ಡನ್ ಒಳಗೆ ಹೋದವನೇ ಚಹಾದ ಸಾಲಿನಲ್ಲಿ ನಿಂತುಬಿಟ್ಟೆ. ಇದ್ದ ಹೊತ್ತಿನ ಮುಕ್ಕಾಲು ಪಾಲನ್ನು ಅದೇ ನುಂಗಿತು.

ಅಪ್ಪ ಬೋರ್ಡು ಕಂಡರೆ ಓದದೆ ಮುಂದೆ ಹೋಗುವವರಲ್ಲ. ಬಾಗಿಲ ಬಳಿ ಬಂಡೆಗೆ ಕೂರಿಸಿದ ಕಂಚಿನ ಫಲಕದ ಮುಂದೆ ಬಗ್ಗಿ ನಿಂತಿದ್ದವರನ್ನು, "ಆಮೇಲೆ ಮೊಬೈಲಿನಲ್ಲಿ ಓದಬಹುದು, ಬನ್ನಿ ಅಪ್ಪ" ಎಂದು ತೋಳು ಹಿಡಿದು ಎಳೆದುಕೊಂಡು ಹೋದೆ. ಅಷ್ಟು ಓಡಿದರೂ ದೋಣಿ ಹೋಗಿತ್ತು, ಟಿಕೆಟ್ ಹಣವೂ ಹೋಯಿತು. ಕಾರಿನಲ್ಲಿ ಅಪ್ಪ ದೋಣಿಯ ಸುದ್ದಿಯನ್ನೇ ಎತ್ತಲಿಲ್ಲ. "ಹಗಿವಾರ ಅನ್ನುವವರ ಮನೆಯವರು 1895ರಿಂದ 1942ರವರೆಗೆ ಆ ತೋಟ ನೋಡಿಕೊಂಡರು ಅಂತ ಬರೆದಿದೆ. 1942ರಲ್ಲಿ ಏನಾಯಿತಂತೆ?" ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ಆ ರಾತ್ರಿ ಕೂತು ಓದಿದೆ.

1894ರ ಮಿಡ್‌ವಿಂಟರ್ ವಸ್ತುಪ್ರದರ್ಶನಕ್ಕೆಂದು ಜಾರ್ಜ್ ಟರ್ನರ್ ಮಾರ್ಷ್ ಎಂಬ ವ್ಯಾಪಾರಿ ಜಪಾನಿ ಹಳ್ಳಿಯ ಮಾದರಿಯೊಂದನ್ನು ಮಾಡಿಸಿದ್ದ. ಅದನ್ನು ನಕಲಿ ಎಂದರೆ ನನ್ನ ತಕರಾರಿಲ್ಲ. ಪ್ರದರ್ಶನ ಮುಗಿದ ಮೇಲೆ ಜಪಾನಿನಿಂದ ವಲಸೆ ಬಂದಿದ್ದ ಮಕೋಟೊ ಹಗಿವಾರ ಅದನ್ನು ವಹಿಸಿಕೊಂಡು, ಎಕರೆಯಷ್ಟಿದ್ದ ಜಾಗವನ್ನು ಸುಮಾರು 5 ಎಕರೆಗೆ ಬೆಳೆಸಿದರು. 1925ರಲ್ಲಿ ಅವರು ತೀರಿಕೊಂಡ ಮೇಲೂ ಮನೆಯವರು ತೋಟದೊಳಗಿನ ಮನೆಯಲ್ಲೇ ಇದ್ದು ಅದನ್ನು ನಡೆಸಿದರು. ಪರ್ಲ್ ಹಾರ್ಬರ್ ಮೇಲೆ ಜಪಾನ್ ನಡೆಸಿದ ದಾಳಿಯ ನಂತರ, 1942ರಲ್ಲಿ, ಪಶ್ಚಿಮ ಕರಾವಳಿಯ ಜಪಾನಿ ಮೂಲದವರನ್ನೆಲ್ಲ ಬಂಧನ ಶಿಬಿರಗಳಿಗೆ ಸಾಗಿಸಿದಾಗ ಈ ಕುಟುಂಬವನ್ನೂ ಎಬ್ಬಿಸಿದರು. ಮನೆ ಕೆಡವಿದರು. ತೋಟಕ್ಕೆ ಓರಿಯೆಂಟಲ್ ಟೀ ಗಾರ್ಡನ್ ಎಂದು ಹೆಸರಿಟ್ಟರು. ಹಳೆಯ ಹೆಸರೇನೋ 1952ರಲ್ಲಿ ಮರಳಿತು. ಹಗಿವಾರ ಮನೆತನಕ್ಕೆ ತೋಟ ಮರಳಲಿಲ್ಲ. ಅಪ್ಪ ಓದುತ್ತಿದ್ದ ಫಲಕ ರೂತ್ ಅಸಾವಾ ಎಂಬ ಶಿಲ್ಪಿ 1974ರಲ್ಲಿ ಮಾಡಿದ್ದು. ಹದಿಹರೆಯದಲ್ಲಿ ಅವರನ್ನೂ ಅಂಥದ್ದೇ ಶಿಬಿರಕ್ಕೆ ಹಾಕಿದ್ದರು.

ಆದ್ದರಿಂದ ನಕಲಿ ಜಪಾನ್ ಎಂಬ ಮಾತನ್ನು ಬಿಟ್ಟುಬಿಡಿ. ಅದು ಅಮೆರಿಕದ್ದೇ ಕಥೆ, ಕ್ಯೋಟೊಗೆ ಹೋದರೆ ಸಿಗುವುದಿಲ್ಲ. ಮುಂದೆ ಜಪಾನಿಗೆ ಹೋಗುತ್ತೇವಲ್ಲ ಎಂದು ಇದನ್ನು ಬಿಡುವುದೂ, ಜಪಾನಿಗೆ ಹೋಗಲಾಗದು ಎಂದು ಇಲ್ಲಿಗೆ ಬರುವುದೂ ಎರಡೂ ತಪ್ಪು ಕಾರಣಗಳು.

ಅಪ್ಪ ಅಮ್ಮ ಊರಿಗೆ ಹೊರಡುವ ಮುಂಚೆ, ವಾರದ ನಡುವೆ ಬೆಳಿಗ್ಗೆ ಮತ್ತೆ ಹೋದೆವು. ಜನವಿರಲಿಲ್ಲ. ಅಲ್ಲೊಂದು ಕಮಾನು ಸೇತುವೆ ಇದೆ, ಅರ್ಧವೃತ್ತದಷ್ಟು ಕಡಿದು; ಅದನ್ನು ದಾಟುವುದಲ್ಲ, ಹತ್ತಿ ಇಳಿಯುವುದು. ಅಮ್ಮ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಚಪ್ಪಲಿ ನನ್ನ ಕೈಗೆ ಕೊಟ್ಟು, ಎರಡೂ ಕಡೆಯ ಹಿಡಿಕೆ ಹಿಡಿದು, ಪಾದವನ್ನು ಅಡ್ಡಡ್ಡ ಇಡುತ್ತ ಮೇಲೇರಿಯೇಬಿಟ್ಟರು. ಅಪ್ಪ ಕೆಳಗೆ ನಿಂತು ಬೈದರು. ಮುಂದೆ 1790ರಲ್ಲಿ ಜಪಾನಿನ ತಾಜಿಮಾದಲ್ಲಿ ಎರಕ ಹೊಯ್ದ ಕಂಚಿನ ಬುದ್ಧ ಕೂತಿದ್ದಾನೆ, ತಲೆಯ ಮೇಲೆ ಸೂರಿಲ್ಲ. ಅಮ್ಮ ಕೈಮುಗಿದು, "ಇಷ್ಟೆಲ್ಲ ಕಟ್ಟಿದವರು ಇವನಿಗೊಂದು ಮಂಟಪ ಕಟ್ಟಬಾರದಿತ್ತೇ" ಎಂದರು. ಅಪ್ಪ ಮೊದಲು ಹೋದದ್ದು ಫಲಕದ ಹತ್ತಿರ, ಆಮೇಲೆ ಹಗಿವಾರ ಮನೆ ಇದ್ದ ಜಾಗದ ತಗ್ಗುತೋಟಕ್ಕೆ. ಅವರನ್ನು ಯಾರೂ ಎಳೆಯಲಿಲ್ಲ.

ಅಲ್ಕಟ್ರಾಜ್ ಟಿಕೆಟ್ ಇರುವ ದಿನ ಇಲ್ಲಿಗೆ ಬರಲೇಬೇಡಿ. ಸೋಮವಾರ, ಬುಧವಾರ, ಶುಕ್ರವಾರ ಬೆಳಿಗ್ಗೆ ಹತ್ತರೊಳಗೆ ಹೋದವರಿಗೆ ಪ್ರವೇಶ ಉಚಿತ. ಹೊರಡುವ ಮುಂಚೆ ತೋಟದ ಜಾಲತಾಣದಲ್ಲಿ ಒಮ್ಮೆ ನೋಡಿಕೊಳ್ಳಿ. ಇಡೀ ಬೆಳಗ್ಗೆ ಅದಕ್ಕೇ ಇರಲಿ. ಚಹಾ ಕೊನೆಗೆ, ಸಾಲಿಲ್ಲದಿದ್ದರೆ ಮಾತ್ರ. ಚೀನೀ ಹೋಟೆಲುಗಳಲ್ಲಿ ಕೊಡುವ, ಒಳಗೆ ಭವಿಷ್ಯದ ಚೀಟಿ ಇರುವ ಫಾರ್ಚೂನ್ ಕುಕ್ಕಿ ಬಿಸ್ಕತ್ತನ್ನು ಅಮೆರಿಕದಲ್ಲಿ ಮೊದಲು ಹಂಚಿದ್ದು ಹಗಿವಾರ ಅವರೇ ಎಂದು ಇಲ್ಲಿಯವರು ಹೇಳುತ್ತಾರೆ, ಲಾಸ್ ಏಂಜಲೀಸ್‌ನವರು ಒಪ್ಪುವುದಿಲ್ಲ. ಕುಕ್ಕಿ ತಿನ್ನಿ, ತೊಂದರೆಯಿಲ್ಲ. ಆದರೆ ನಿಮ್ಮ ತಂದೆ ತಾಯಿ ಫಿಲ್ಟರ್ ಕಾಫಿಯವರಾದರೆ ಮಚ್ಚಾ ಎಂಬ ಹಸಿರುಪುಡಿಯ ಚಹಾಕ್ಕೆ ದುಡ್ಡು ಸುರಿಯಬೇಡಿ. ಫ್ಲಾಸ್ಕಿನಲ್ಲಿ ಕಾಫಿ ಒಯ್ಯಿರಿ, ಹೊರಗೆ ಮ್ಯೂಸಿಯಂ ಎದುರಿನ ಮರಗಳ ಕೆಳಗೆ ಬೇಕಾದಷ್ಟು ಬೆಂಚುಗಳಿವೆ.